ಬೀಡು ಬಿಟ್ಟು ಹೊರಡುವಾಗ

ಪ್ರವಾಸ ಹೊರಡುವ ಮುಂಜಾನೆಯ ಸಂಭ್ರಮವನ್ನು ಕುರಿತು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಪ್ರವಾಸ ಮುಗಿಸಿ, ಉಳಿದುಕೊಂಡಿದ್ದ ಮನೆಯನ್ನು ಬಿಟ್ಟು ಹೊರಡುವ ಮುಂಜಾನೆಯನ್ನು ಕುರಿತು ಬರೆದವರು ಕಡಿಮೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಆ ಹೊತ್ತಿನಲ್ಲಿ ಚೀಲಗಳ ಬಾಯಿ ಮುಚ್ಚುವುದಿಲ್ಲ, ಒದ್ದೆ ಟವೆಲುಗಳಿಗೆ ಜಾಗ ಸಿಗುವುದಿಲ್ಲ, ಮಕ್ಕಳ ಚಪ್ಪಲಿಗಳಲ್ಲಿ ಒಂದು ಮಾತ್ರ ಕಣ್ಣಿಗೆ ಬೀಳುತ್ತದೆ. ಕಾವ್ಯಕ್ಕೆ ಅಲ್ಲಿ ಎಡೆಯಿಲ್ಲ. ಆದರೆ ಧರ್ಮಸೂಕ್ಷ್ಮಕ್ಕೆ ಎಡೆಯುಂಟು ಎಂಬುದು ಕಳೆದ ದಸರೆಯ ರಜೆಯಲ್ಲಿ ನನ್ನ ಅನುಭವಕ್ಕೆ ಬಂತು.

ಮಲೆನಾಡಿನಲ್ಲೂ ಕೊಡಗಿನಲ್ಲೂ ಕಾಫಿ ತೋಟಗಳ ನಡುವಿನ ಮನೆಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಪದ್ಧತಿ ಈಗ ಓದುಗರಿಗೆ ಹೊಸದಲ್ಲ. ಕೆಲವೆಡೆ ಮನೆಯವರೇ ಅಡುಗೆ ಮಾಡಿ ಬಡಿಸುತ್ತಾರೆ. ಇನ್ನು ಕೆಲವೆಡೆ ಬೀಗದ ಕೈ ಕೊಟ್ಟು, ಗ್ಯಾಸ್ ಒಲೆ, ಪಾತ್ರೆ, ಫ್ರಿಜ್ಜು ಇವನ್ನು ತೋರಿಸಿ ಹೊರಟುಹೋಗುತ್ತಾರೆ. ಅಲ್ಲಿಂದ ಮುಂದೆ ಸಂಸಾರ ನಮ್ಮದು. ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ನನ್ನ ತಾಯಿ, ಷಡ್ಡಕ ಮತ್ತು ಆತನ ಹೆಂಡತಿ, ಹೀಗೆ ಏಳು ಜನ ಮೂಡಿಗೆರೆಯ ಕಡೆ ಇಂಥದೊಂದು ಮನೆಯಲ್ಲಿ ಮೂರು ರಾತ್ರಿ ಕಳೆದೆವು.

ಹೊರಡುವ ದಿನ ಹನ್ನೊಂದು ಗಂಟೆಯೊಳಗೆ ಮನೆ ಖಾಲಿ ಮಾಡಬೇಕಾಗಿತ್ತು. ಹತ್ತೂವರೆಗೆ ಅಡುಗೆಮನೆಯ ಬಾಗಿಲಲ್ಲಿ ಒಂದು ಚರ್ಚೆ ಹುಟ್ಟಿಕೊಂಡಿತು. ಸಿಂಕಿನಲ್ಲಿ ಹಿಂದಿನ ರಾತ್ರಿಯ ತಟ್ಟೆಗಳಿದ್ದವು, ಅನ್ನ ಒಣಗಿ ಅಂಟಿದ್ದ ಕುಕ್ಕರಿತ್ತು, ತಳ ಹತ್ತಿದ ಹಾಲಿನ ಪಾತ್ರೆಯಿತ್ತು. ಹಾಲಿಗೆ ಕಾವಲಿದ್ದವನು ನಾನೇ; ಕಿಟಕಿಯಾಚೆಯ ಮಂಜನ್ನು ನೋಡುತ್ತ ನಿಂತುಬಿಟ್ಟಿದ್ದೆ.

ನನ್ನ ಷಡ್ಡಕ ಬ್ಯಾಂಕಿನಲ್ಲಿರುವವನು, ಲೆಕ್ಕ ಬಲ್ಲವನು. ಮೊಬೈಲಿನಲ್ಲಿದ್ದ ರಸೀದಿಯನ್ನು ತೆರೆದು ತೋರಿಸಿದ. "ನೋಡಿ ಭಾವ, ಬಾಡಿಗೆ ಬೇರೆ, ಸ್ವಚ್ಛತೆಗೆ ಅಂತ 800 ರೂಪಾಯಿ ಬೇರೆ. ದುಡ್ಡನ್ನೂ ಕೊಟ್ಟು ಪಾತ್ರೆಯನ್ನೂ ತಿಕ್ಕಬೇಕು ಅಂದರೆ ಯಾವ ನ್ಯಾಯ? ಹೋಟೆಲಿನಲ್ಲಿ ತಿಂದ ತಟ್ಟೆ ನಾವು ತೊಳೀತೀವಾ?"

"ಹೋಟೆಲಿನ ಮಾತು ಬೇರೆ ಕಣಪ್ಪ," ಎಂದರು ನನ್ನ ತಾಯಿ. "ಇಲ್ಲಿ ಒಲೆ ಹಚ್ಚಿದವರು ನಾವು. ಹಚ್ಚಿದವರು ತೊಳೆದಿಡಬೇಕು."

ಅವರಿಗೆ ಈಗ ಎಪ್ಪತ್ತೈದು ದಾಟಿದೆ. ಹುಡುಗಿಯಾಗಿದ್ದಾಗ ತಂದೆಯೊಡನೆ ಯಾತ್ರೆ ಹೋಗಿ ಛತ್ರಗಳಲ್ಲಿ ಇಳಿದುಕೊಂಡವರು. ಒಲೆ, ನೀರು ಛತ್ರದ್ದು. ಅಕ್ಕಿ ಬೇಳೆ ಯಾತ್ರಿಕರದು. ಹೊರಡುವ ಮುನ್ನ ಒಲೆಯ ಬೂದಿ ತೆಗೆದು, ನೆಲ ಸಾರಿಸಿ, ಮುಂದೆ ಬರುವವರಿಗೆಂದು ಎರಡು ಸೌದೆಯನ್ನು ಒಲೆಯ ಪಕ್ಕದಲ್ಲಿಟ್ಟು ಬರುತ್ತಿದ್ದರಂತೆ. ಮುಂದೆ ಬರುವವರು ಯಾರೆಂದು ಇವರಿಗೆ ಗೊತ್ತಿಲ್ಲ; ಇಟ್ಟು ಹೋದವರು ಯಾರೆಂದು ಅವರಿಗೂ ಗೊತ್ತಾಗುವುದಿಲ್ಲ.

ನನ್ನ ಹೆಂಡತಿಯ ದಾರಿ ಮೂರನೆಯದು. ಆಕೆ ಚರ್ಚೆಗೆ ಬರಲೇ ಇಲ್ಲ. ಕೋಣೆಗಳಿಗೆ ಹೋಗಿ ಐದು ಹಾಸಿಗೆಗಳನ್ನೂ ಸುಕ್ಕಿಲ್ಲದಂತೆ ಹಾಸಿ, ಹೊದಿಕೆಗಳನ್ನು ಮಡಿಸಿ, ದಿಂಬುಗಳನ್ನು ತಟ್ಟಿ ನಿಲ್ಲಿಸಿದಳು. ಬಂದವರು ನೋಡಿ 'ಎಂಥ ಜನ ಇದ್ದು ಹೋದರಪ್ಪ' ಎಂದುಕೊಳ್ಳಬಾರದು ಎಂಬುದು ಆಕೆಯ ಚಿಂತೆ.

ಷಡ್ಡಕನದು ಕರಾರಿನ ಮಾತು, ತಾಯಿಯದು ರೂಢಿಯ ಮಾತು, ಹೆಂಡತಿಯದು ಮರ್ಯಾದೆಯ ಮಾತು. ನಾನು ಈ ಮೂರನ್ನೂ ಮನಸ್ಸಿನಲ್ಲೇ ತೂಗುತ್ತ ನಿಂತಿದ್ದೆ. ಕೈ ಮಾತ್ರ ಒದ್ದೆಯಾಗಲಿಲ್ಲ. ತಾಯಿ ನಾಲ್ಕು ಲೋಟ ತೊಳೆಯುವಷ್ಟರಲ್ಲಿ ಗಂಟೆ ಹನ್ನೊಂದಾಯಿತು. ಮೂರು ದಿನದ ಕಸವನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಜಗಲಿಯಲ್ಲಿಟ್ಟು ಹೊರಟೆವು.

ಹತ್ತು ಕಿಲೋಮೀಟರು ಬಂದ ಮೇಲೆ ತಾಯಿಯ ರಕ್ತದೊತ್ತಡದ ಮಾತ್ರೆಗಳ ಡಬ್ಬಿ ಕಿಟಕಿಯಲ್ಲೇ ಉಳಿಯಿತೆಂದು ತಿಳಿಯಿತು. ಹಿಂದಿರುಗಿದೆವು. ಉಳಿದವರು ಕಾರಿನಲ್ಲೇ ಕುಳಿತರು; ನಾನೊಬ್ಬನೇ ಇಳಿದೆ.

ಹಿತ್ತಿಲಿನ ಒಗೆಯುವ ಕಲ್ಲಿನ ಬಳಿ ಸುಮಾರು ಐವತ್ತು ವರ್ಷದ ಹೆಂಗಸೊಬ್ಬರು ಕುಳಿತಿದ್ದರು. ಮೂರು ದಿನವೂ ಅವರನ್ನು ನಾವು ನೋಡಿರಲಿಲ್ಲ. ಅವರ ಮುಂದೆ ನನ್ನ ಹಾಲಿನ ಪಾತ್ರೆ. ಕೈಯಲ್ಲಿ ತೆಂಗಿನ ನಾರು. ಪಕ್ಕದಲ್ಲಿ ನಮ್ಮ ಕಸದ ಚೀಲ ಬಾಯಿ ಬಿಚ್ಚಿಕೊಂಡಿತ್ತು. ತೋಟದ ಮನೆಗೆ ಕಸದ ಗಾಡಿ ಬರುವುದಿಲ್ಲ. ಹಸಿ ಕಸ ಗೊಬ್ಬರದ ಗುಂಡಿಗೆ ಹೋಗಬೇಕು. ಪ್ಲಾಸ್ಟಿಕ್ಕು, ಬಾಟಲಿಗಳನ್ನು ಪೇಟೆಗೆ ಸಾಗಿಸಬೇಕು. ಸಾರಿನಲ್ಲಿ ನೆಂದ ಚಿಪ್ಸಿನ ಪೊಟ್ಟಣಗಳನ್ನು ಅವರು ಆಗಲೇ ಒಂದೊಂದಾಗಿ ಆರಿಸಿ ಬೇರೆಯಿಟ್ಟಿದ್ದರು. ಹಗ್ಗದ ಮೇಲೆ, ನನ್ನ ಹೆಂಡತಿ ಅಷ್ಟು ಅಂದವಾಗಿ ಮಡಿಸಿಟ್ಟಿದ್ದ ಹೊದಿಕೆಗಳಲ್ಲಿ ಮೊದಲಿನ ಕೆಲವು ಒಣಗುತ್ತಿದ್ದವು.

"ಮಾತ್ರೆ ಡಬ್ಬಿ ಅಲ್ವಾ ಸಾರ್? ತೆಗೆದಿಟ್ಟಿದೀನಿ," ಎಂದು ಎದ್ದರು.

ಏನಾದರೂ ಹೇಳಬೇಕೆಂದು, "ಹಾಸಿಗೆ ಎಲ್ಲ ಸರಿಮಾಡಿಟ್ಟಿದ್ದೆವು," ಎಂದೆ.

ಅವರು ನಕ್ಕರು. "ಅದೇ ಕಷ್ಟ ಸಾರ್. ಹಾಸಿಬಿಟ್ರೆ ಯಾವುದ್ರಲ್ಲಿ ಮಲಗಿದ್ರು, ಯಾವುದ್ರಲ್ಲಿ ಇಲ್ಲ ಅಂತ ಗೊತ್ತಾಗಲ್ಲ. ಎಲ್ಲಾನೂ ಬಿಚ್ಚಿ ಒಗೀಬೇಕು. ಬಳಸಿದ್ದನ್ನ ಒಂದು ಕಡೆ ಗುಡ್ಡೆ ಹಾಕಿಬಿಟ್ರೆ ಸಾಕು. ಎರಡು ಗಂಟೆಗೆ ಮುಂದಿನೋರು ಬರ್ತಾರೆ."

800 ರೂಪಾಯಿ ನೆನಪಾಯಿತು. ಅದರಲ್ಲಿ ಎಷ್ಟು ಇವರಿಗೆ ಸೇರುತ್ತದೆಂದು ಹೇಗೋ ಕೇಳಿಬಿಟ್ಟೆ. "ನಂಗೆ ತಿಂಗಳ ಸಂಬಳ ಸಾರ್. ನೀವು ತೊಳೆದ್ರೂ ಅಷ್ಟೇ, ಬಿಟ್ರೂ ಅಷ್ಟೇ," ಎಂದರು. ದೂರಿನ ದನಿಯೇನೂ ಇರಲಿಲ್ಲ. ಪಾತ್ರೆ ಕೊಡಿ, ನಾನು ತಿಕ್ಕುತ್ತೇನೆ ಎಂದೆ. "ಅಯ್ಯೋ, ಬಿಡಿ ಸಾರ್," ಎಂದರು. 200 ರೂಪಾಯಿ ಕೊಟ್ಟೆ, ತೆಗೆದುಕೊಂಡರು. ಮತ್ತೆ ಕಲ್ಲಿನ ಬಳಿ ಕುಳಿತು ಪಾತ್ರೆಯನ್ನು ಎತ್ತಿಕೊಂಡರು.

ಕಾರು ಹೊರಟ ಮೇಲೆ ತಾಯಿ ಕೇಳಿದರು: "ಆ ಹಾಲಿನ ಪಾತ್ರೆ ಏನಾಯ್ತೋ?"

"ಅವರಿಗೆ 200 ರೂಪಾಯಿ ಕೊಟ್ಟು ಬಂದೆ ಅಮ್ಮ."

"ನಾನು ದುಡ್ಡು ಕೇಳಲಿಲ್ಲ," ಎಂದರು ಅವರು.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಷಡ್ಡಕನ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ಅದು ದೊಡ್ಡ ಕೂಗೇ ಆಯಿತು. 2008ರಲ್ಲಿ ಆರಂಭವಾದ ಏರ್‌ಬಿಎನ್‌ಬಿ ಸಂಸ್ಥೆಯ ಮೂಲಕ ಮನೆ ಕೊಡುವ ಕೆಲವರು ಸ್ವಚ್ಛತೆಯ ಶುಲ್ಕವನ್ನೂ ಪಡೆದು, ಹಾಸಿಗೆಯ ಬಟ್ಟೆ ಬಿಚ್ಚಿ ಒಗೆಯಿರಿ, ನೆಲದ ಧೂಳು ತೆಗೆಯಿರಿ ಎಂಬ ಪಟ್ಟಿಯನ್ನೂ ಕೊಡತೊಡಗಿದರು. ದೂರುಗಳು ಬಂದವು. 2022ರ ನವೆಂಬರಿನಲ್ಲಿ ಆ ಸಂಸ್ಥೆಯೇ ಮುಂದೆ ಬಂದು, ಇಂಥ ಕೆಲಸಗಳನ್ನು ಬಂದವರ ಮೇಲೆ ಹೊರಿಸಬಾರದು. ದೀಪ ಆರಿಸುವುದು, ಉಳಿದ ಆಹಾರವನ್ನು ಕಸಕ್ಕೆ ಹಾಕುವುದು, ಬಾಗಿಲು ಭದ್ರಪಡಿಸುವುದು ಇಷ್ಟನ್ನು ಕೇಳಿದರೆ ಸರಿ ಎಂದು ಹೇಳಬೇಕಾಯಿತು. ಇದರಲ್ಲಿ ನ್ಯಾಯವುಂಟು. ಒಡೆಯನು ಹಣವನ್ನೂ ಪಡೆದು, ಆಳಿಗೆ ಕೊಡಬೇಕಾದ ಕೂಲಿಯನ್ನೂ ಉಳಿಸಿಕೊಂಡು, ನಮ್ಮ ಕೈಯಲ್ಲಿ ಬಿಟ್ಟಿ ದುಡಿಸಿಕೊಳ್ಳುವುದು ಆತಿಥ್ಯವಲ್ಲ, ವ್ಯಾಪಾರವೂ ಅಲ್ಲ.

ಆದರೆ ಈ ಜಗಳವೆಲ್ಲ ಹಣ ಕೊಟ್ಟವನಿಗೂ ಹಣ ಪಡೆದವನಿಗೂ ನಡುವಿನದು. ಕಲ್ಲಿನ ಬಳಿ ಕುಳಿತವರು ಈ ಕರಾರಿನಲ್ಲಿ ಇಲ್ಲವೇ ಇಲ್ಲ. ಒಡೆಯನ ಮೇಲಿನ ನಮ್ಮ ಸಿಟ್ಟು ಸಿಂಕಿನಲ್ಲಿ ಉಳಿಯುತ್ತದೆ. ಅದನ್ನು ತಿಕ್ಕುವವರು ಬೇರೊಬ್ಬರು.

ಇನ್ನೊಂದು ಮಾತು. ಅತಿಥಿಯನ್ನು ದೇವರೆಂದು ಕಾಣಬೇಕೆಂದು ತೈತ್ತಿರೀಯೋಪನಿಷತ್ತು ಬೋಧಿಸುತ್ತದೆ. ಅದು ಮನೆಯವನಿಗೆ ಹೇಳಿದ ಮಾತು. ಅತಿಥಿ ಅದನ್ನು ಕೇಳಿಸಿಕೊಂಡು ತಾನು ದೇವರೆಂದು ನಂಬಿಬಿಟ್ಟರೆ ತೊಂದರೆ. ಮನುಸ್ಮೃತಿ ಒಂದೇ ರಾತ್ರಿ ತಂಗುವವನನ್ನು ಅತಿಥಿಯೆಂದು ಕರೆಯುತ್ತದೆ. ನಿಲ್ಲದವನಾದ್ದರಿಂದ ಆ ಹೆಸರು. ನಾವೋ, ಬಾಗಿಲಲ್ಲಿ ಕಾಫಿ ಕೊಟ್ಟು ನಗುನಗುತ್ತ ಬರಮಾಡಿಕೊಳ್ಳಲಿ ಎಂದು ಬಯಸುವಾಗ ಅತಿಥಿಗಳು; ಪಾತ್ರೆಯ ಮಾತು ಬಂದೊಡನೆ ಗಿರಾಕಿಗಳು. ಎರಡು ವೇಷಗಳಲ್ಲಿ ಯಾವುದು ಹಗುರವೋ ಅದನ್ನು ಆ ಹೊತ್ತಿಗೆ ತೊಡುತ್ತೇವೆ.

ಕಷ್ಟ ಬಂದಾಗ ಕನ್ನಡ ಮೇಷ್ಟರು ಶಬ್ದಗಳ ಮೊರೆಹೋಗುತ್ತಾರೆ. ನಮ್ಮ ನುಡಿಯಲ್ಲಿ ಕೊಳೆಗೆ ಒಂದೇ ಹೆಸರಲ್ಲ. ಧೂಳು, ಕಸ, ಕೊಳೆ, ಮುಸುರೆ, ಎಂಜಲು ಎಲ್ಲವೂ ಬೇರೆಬೇರೆ. ಧೂಳು ಯಾರದೂ ಅಲ್ಲ. ಕಿಟಕಿ ತೆರೆದರೆ ಬರುತ್ತದೆ, ಮುಚ್ಚಿದರೂ ಬರುತ್ತದೆ. ಬಾಳಿದ ಮನೆಗೆ ಕೊಳೆ ಸಹಜ. ಎಂಜಲಿಗೆ ಮಾತ್ರ ಒಡೆಯನುಂಟು. ಎಂಜಲು ಎಂದೊಡನೆ 'ಯಾರ ಎಂಜಲು?' ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ.

ಈ ಶಬ್ದದ ಬೆನ್ನಿಗೆ ಕಹಿಯಾದ ಚರಿತ್ರೆಯೊಂದಿದೆ, ಅದನ್ನು ಮುಚ್ಚಿಡಬಾರದು. ಧರ್ಮರಾಯನ ರಾಜಸೂಯದಲ್ಲಿ ಕೃಷ್ಣನು ಬಂದವರ ಪಾದ ತೊಳೆಯುವ ಕೆಲಸ ವಹಿಸಿಕೊಂಡನೆಂದು ಭಾಗವತ ಹೇಳುತ್ತದೆ. ಎಂಜಲೆಲೆಯನ್ನೂ ಎತ್ತಿದನೆಂದು ಹರಿದಾಸರು ಸೇರಿಸುವುದುಂಟು. ಕಥೆ ಕೇಳಿ ಕೈಮುಗಿದ ನಾವು ನಮ್ಮ ಪಂಕ್ತಿಗಳ ಕೊನೆಯಲ್ಲಿ ಕೃಷ್ಣನನ್ನು ನಿಲ್ಲಿಸಲಿಲ್ಲ. ಬೇರೆ ದಾರಿಯಿಲ್ಲದವರನ್ನು ನಿಲ್ಲಿಸಿದೆವು. ತಾಯಿಯ ನೆನಪಿನ ಛತ್ರದಲ್ಲಿ ಎಲ್ಲ ಜಾತಿಯವರಿಗೂ ಒಳಗೆ ಜಾಗವಿರಲಿಲ್ಲ. ಒಲೆಯನ್ನು ಸಾರಿಸಿದ ಕೈಗಳು ಹಿತ್ತಿಲಿನ ಪಾಯಖಾನೆಯತ್ತ ಹೋಗಲಿಲ್ಲ. ಅದನ್ನು ಹೊತ್ತವರು ಬೇರೆಯವರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಲು 1970ರ ದಶಕದವರೆಗೆ, ಸಚಿವ ಬಿ. ಬಸವಲಿಂಗಪ್ಪನವರ ತನಕ, ಕಾಯಬೇಕಾಯಿತು.

1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋದ ಗಾಂಧೀಜಿ ಅಲ್ಲಿನ ಕಕ್ಕಸುಗಳ ಹೊಲಸನ್ನು ಕಂಡು ಸ್ವಯಂಸೇವಕರಿಗೆ ಹೇಳಿದರು. ಅದು ತಮ್ಮ ಕೆಲಸವಲ್ಲ, ಜಾಡಮಾಲಿಯದು ಎಂದು ಉತ್ತರ ಬಂತು. ಗಾಂಧೀಜಿ ಪೊರಕೆ ಹುಡುಕಿ ತಂದು ತಾವೇ ತೊಳೆದರು. ನನಗೆ ಮುಖ್ಯವೆನಿಸುವುದು ಮುಂದಿನ ಮಾತು. ಅಷ್ಟು ಜನರ ಹೊಲಸನ್ನೆಲ್ಲ ತೆಗೆಯುವುದು ಒಬ್ಬರ ಕೈಲಾಗುವ ಕೆಲಸವಲ್ಲವೆಂದು ಕಂಡು, ತಮ್ಮ ಬಳಕೆಯ ಮಟ್ಟಿಗೆ ತಾವು ಶುಚಿಮಾಡಿಕೊಂಡು ತೃಪ್ತರಾಗಬೇಕಾಯಿತೆಂದು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಲೋಕವನ್ನೆಲ್ಲ ತೊಳೆಯುವ ಹೊಣೆ ಯಾರಿಗೂ ಇಲ್ಲ. ತನ್ನದನ್ನು ತಾನು ತೊಳೆಯುವ ಹೊಣೆಯನ್ನು ಇನ್ನೊಬ್ಬರ ಜಾತಿಗೋ ಸಂಬಳಕ್ಕೋ ದಾಟಿಸುವಂತಿಲ್ಲ.

ಇಲ್ಲಿ ನನಗೆ ಒಂದು ಅಳತೆ ಸಿಕ್ಕಿತೆಂದು ತೋರುತ್ತದೆ. ಯಾರನ್ನು ದೂರವಿಡಬೇಕೆಂದು ತಿಳಿಯಲು ಎಂಜಲು ಎಂಬ ಶಬ್ದವನ್ನು ನಾವು ಬಹುಕಾಲ ಬಳಸಿದೆವು. ಅದನ್ನು ತಿರುಗಿಸಿ, ನನ್ನದು ಯಾವುದೆಂದು ತಿಳಿಯಲು ಬಳಸಬಹುದು. ಬಾಡಿಗೆಗೆ ಬಂದ ಮನೆಯ ನೆಲ ಒರೆಸುವುದು, ಹೊದಿಕೆ ಒಗೆಯುವುದು, ಜೇಡರ ಬಲೆ ತೆಗೆಯುವುದು ಮನೆಯ ಕೆಲಸ. ಅದಕ್ಕೆ ಹಣ ಕೊಟ್ಟಿದ್ದೇನೆ, ಅದನ್ನು ಮಾಡುವವರು ಬಲ್ಲವರು. ನಾನು ಉಂಡ ತಟ್ಟೆ, ಹೊತ್ತಿಸಿದ ಪಾತ್ರೆ, ಬಚ್ಚಲಿನಲ್ಲಿ ಬಿಟ್ಟ ಕೂದಲು, ಶೌಚದ ಗುರುತು ನನ್ನವು. ಅವನ್ನು ನಾನು ತೆಗೆಯಬೇಕು. ಒಡೆದ ಲೋಟವನ್ನು ಕಪಾಟಿನ ಹಿಂದೆ ಬಚ್ಚಿಡದೆ ಹೇಳಬೇಕು. ಕಸವನ್ನು ಹುಟ್ಟಿಸಿದವನೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಕಾನೂನು ಹೇಳದಿದ್ದರೂ ಅದು ಹಾಗೆಯೇ ಸರಿ.

ಅತಿ ಶುಚಿಯೂ ಬೇಕಿಲ್ಲ. ಹಾಸಿಗೆಯ ಸುಕ್ಕು ತೆಗೆಯುವಾಗ ನಾವು ಮುಂದೆ ಬರುವ ಕೈಗಳನ್ನು ನೆನೆಯಲಿಲ್ಲ. ನಮ್ಮ ಹೆಸರನ್ನು ನೆನೆದೆವು. ಫಲವಾಗಿ ಅವರಿಗೆ ಕೆಲಸ ಹೆಚ್ಚಿತು. ಹೇಗಿಟ್ಟರೆ ನಿಮಗೆ ಅನುಕೂಲ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಬೇಕಾದರೆ ಅಂಥವರೊಬ್ಬರು ಇದ್ದಾರೆಂಬುದು ಮೊದಲು ನಮ್ಮ ಮನಸ್ಸಿಗೆ ಬರಬೇಕು.

ಕೆಡು ಎಂಬುದರಿಂದ ಕೇಡು, ಪಡು ಎಂಬುದರಿಂದ ಪಾಡು ಆದಂತೆ, ಬಿಡು ಎಂಬುದರಿಂದ ಬೀಡು ಆಯಿತು. ತಂಗುವ ಜಾಗಕ್ಕೆ ಹಿಂದಿನವರು ಇಟ್ಟ ಹೆಸರಿನಲ್ಲೇ ಬಿಡುವುದೂ ಸೇರಿದೆ.

ಸಂಕ್ರಾಂತಿಯ ರಜೆಯಲ್ಲಿ ಅದೇ ಏಳು ಜನ ಸಕಲೇಶಪುರದ ಕಡೆ ಮತ್ತೊಂದು ಮನೆಗೆ ಹೋಗಿದ್ದೆವು. ಹೊರಡುವ ದಿನ ಒಂದು ಗಂಟೆ ಮುಂಚೆ ಎದ್ದೆವು. ಹೆಂಡತಿ ಹೊದಿಕೆಗಳನ್ನು ಬಿಚ್ಚಿ ಮೂಲೆಯಲ್ಲಿ ಗುಡ್ಡೆ ಹಾಕಿದಳು; ಆಕೆಗೆ ಅದು ಸುಲಭವಾಗಿರಲಿಲ್ಲ. ಮಕ್ಕಳು ಕಸವನ್ನು ಎರಡು ಚೀಲ ಮಾಡಿದರು. ಷಡ್ಡಕ ಕುಕ್ಕರನ್ನು ತಿಕ್ಕಿದ. ತಿಕ್ಕುತ್ತಲೇ, ಈ ಸಲ ಸ್ವಚ್ಛತೆಯ ಶುಲ್ಕ 1000 ರೂಪಾಯಿ ಎಂದು ಎರಡು ಸಲ ಹೇಳಿದ. ಅವನಿಗೆ ಒಪ್ಪಿಗೆಯಾಗುವಂಥ ಉತ್ತರ ನನ್ನಲ್ಲಿ ಇರಲಿಲ್ಲ, ಈಗಲೂ ಇಲ್ಲ. ಹಾಲಿನ ಪಾತ್ರೆಯನ್ನು ನಾನು ತೊಳೆದು, ಒದ್ದೆಯಾಗಿಯೇ ಕಪಾಟಿಗೆ ಸೇರಿಸಹೊರಟಿದ್ದೆ. ಒದ್ದೆ ಪಾತ್ರೆ ಮುಚ್ಚಿಟ್ಟರೆ ವಾಸನೆ ಬರುತ್ತದೆ, ಹೊರಗೆ ಬೋರಲು ಹಾಕು ಎಂದರು ತಾಯಿ.