ಕಪಿ, ಪಿಕ ಮತ್ತು ಸ್ಕ್ರ್ಯಾಬಲ್ ಬಿಲ್ಲೆಗಳು

ಇ, ಐ, ಎಲ್, ಎನ್, ಎಸ್, ಟಿ. ಇಂಗ್ಲಿಷಿನ ಈ ಆರು ಅಕ್ಷರಗಳನ್ನು 720 ರೀತಿಯಲ್ಲಿ ಜೋಡಿಸಬಹುದು. ಅವುಗಳಲ್ಲಿ ಶಬ್ದ ಅನ್ನಿಸಿಕೊಳ್ಳುವುದು ಬೆರಳೆಣಿಕೆಯಷ್ಟು: ಲಿಸನ್, ಸೈಲೆಂಟ್, ಎನ್‌ಲಿಸ್ಟ್, ಟಿನ್ಸೆಲ್, ಇನ್‌ಲೆಟ್ಸ್. ಕೇಳುವುದಕ್ಕೂ ಮೌನಕ್ಕೂ ಅಕ್ಷರ ಒಂದೇ ಎಂದು ಪ್ರವಚನಗಳಲ್ಲಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ಹಾಗಾದರೆ ಟಿನ್ಸೆಲ್ ಎಂಬ ಮಿರುಗುವ ಜರಿಗೆ ಆ ಅಧ್ಯಾತ್ಮದಲ್ಲಿ ಯಾವ ಜಾಗ ಎಂದು ಕೇಳಿ ನೋಡಿ, ಅವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಅಕ್ಷರ ಅವೇ ಇರುವಾಗ ಶಬ್ದ ಬೇರೆಯಾಗುವುದು ಯಾತರಿಂದ? ಇದನ್ನು ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ದೇವತಾಧಿಕರಣದಲ್ಲಿ ಎತ್ತಿಕೊಂಡಿದ್ದಾರೆ. ಸ್ಫೋಟವಾದಿಗಳ ವಾದ ಹೀಗೆ: ಉಚ್ಚರಿಸಿದ ಅಕ್ಷರ ಆ ಕ್ಷಣವೇ ಅಳಿಯುತ್ತದೆ, ಅಳಿದದ್ದನ್ನು ಕೂಡಿಸಿ ಅರ್ಥ ಹುಟ್ಟಿಸುವುದು ಆಗದ ಮಾತು, ಆದ್ದರಿಂದ ಅಕ್ಷರಗಳಿಗಿಂತ ಬೇರೆಯಾದ, ಅಖಂಡವಾದ ಸ್ಫೋಟ ಎಂಬುದೊಂದನ್ನು ಒಪ್ಪಲೇಬೇಕು. ಶಂಕರರು ಹಳೆಯ ಆಚಾರ್ಯ ಉಪವರ್ಷರ ಪಕ್ಷ ಹಿಡಿದು, ಅಕ್ಷರಗಳೇ ಶಬ್ದ ಅನ್ನುತ್ತಾರೆ. ಕೂಡಲೇ ಆಕ್ಷೇಪ: ಹಾಗಿದ್ದರೆ ರಾಜಾ, ಜಾರಾ ಎರಡೂ ಒಂದೇ ಆಗಬೇಕಲ್ಲ? ಕಪಿ, ಪಿಕ ಒಂದೇ ಆಗಬೇಕಲ್ಲ? ಆಚಾರ್ಯರು ಉತ್ತರಕ್ಕೆ ಇರುವೆಗಳನ್ನು ಕರೆಯುತ್ತಾರೆ. ಒಂದರ ಹಿಂದೊಂದು ಹೋದಾಗಲೇ ಇರುವೆಗಳು ಸಾಲು ಅನ್ನಿಸುವುದು. ಅಕ್ಷರಗಳೂ ಕ್ರಮ ಹಿಡಿದೇ ಬುದ್ಧಿಗೆ ಏರುತ್ತವೆ. ಕ್ರಮ ಬದಲಾದರೆ ಶಬ್ದ ಬದಲಾಯಿತು.

ಭಾಷ್ಯದ ಕನ್ನಡ ಅನುವಾದದ ಈ ಪುಟಗಳನ್ನು ನಾನು ಓದುವುದಕ್ಕೆ ಮೊದಲೇ ಕಂಪೋಸ್ ಮಾಡಿದ್ದೆ. ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವುದೇ ನನ್ನ ಕಸುಬಾಗಿತ್ತು. ಲಗ್ನಪತ್ರಿಕೆ, ಬಿಲ್ ಬುಕ್ಕು, ಲೆಟರ್ ಹೆಡ್ಡು ಅಂತ ಇಂಗ್ಲಿಷ್ ಕೆಲಸವೂ ಬರುತ್ತಿತ್ತು. ನನ್ನ ಇಂಗ್ಲಿಷ್ ಏಳನೆಯ ಕ್ಲಾಸಿನದು. ಎಡಗೈಯಲ್ಲಿ ಸ್ಟಿಕ್ಕು, ಅದರಲ್ಲಿ ತಲೆಕೆಳಗಾಗಿ ನಿಂತ ಉಲ್ಟಾ ಅಕ್ಷರಗಳು. ಬಿ, ಡಿ, ಪಿ, ಕ್ಯೂ ನಾಲ್ಕೂ ಒಂದನ್ನೊಂದು ಅಣಕಿಸುತ್ತಿದ್ದವು. ಕೇಸಿನಲ್ಲಿ ಇ ಅಕ್ಷರದ ಮನೆ ಎಲ್ಲಕ್ಕಿಂತ ದೊಡ್ಡದು, ಕೈ ಚಾಚಿದಲ್ಲೇ ಇರುತ್ತದೆ; ಕ್ಯೂ, ಜೆಡ್ ಚಿಕ್ಕ ಮನೆಗಳಲ್ಲಿ ಅಂಚಿಗೆ. ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್ ಫ್ರಮ್’ ಎಂಬ ಸಾಲನ್ನು ಅರ್ಥ ಗೊತ್ತಿಲ್ಲದೆ ವರ್ಷಗಟ್ಟಲೆ ಜೋಡಿಸಿದ್ದೇನೆ. ಅದರಲ್ಲಿ ಐ ಇರಬೇಕಾದಲ್ಲಿ ಇ ಬಂದರೆ ಬೆರಳು ತಾನಾಗಿ ನಿಲ್ಲುತ್ತಿತ್ತು. ಆ ಶಬ್ದ ನನಗೆ ಗೊತ್ತಿತ್ತೋ, ಇಲ್ಲವೋ?

ಮೊಮ್ಮಗಳು ಸ್ಕ್ರ್ಯಾಬಲ್ ತಂದಾಗ ಅದರಲ್ಲಿ ನನಗೆ ಕಂಡದ್ದು ನಮ್ಮ ಕೇಸೇ. 100 ಬಿಲ್ಲೆಗಳಲ್ಲಿ ಇ 12, ಕ್ಯೂ ಒಂದೇ ಒಂದು. ಅಮೆರಿಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆಗಳ ಪುಟದಿಂದ ಅಕ್ಷರ ಎಣಿಸಿ ಈ ಲೆಕ್ಕ ಕಟ್ಟಿದ. ಮೊಳೆ ಕೇಸು ಮಾಡಿದವರಿಗೆ ಅದು ಎಂದೋ ಗೊತ್ತಿತ್ತು.

“ತಾತ, ಸುಮ್ನೆ ನೋಡ್ತಾ ಕೂತ್ಕೋತೀಯ, ಆಮೇಲೆ ಒಂದೇ ಸಲ ಇಟ್ಬಿಡ್ತೀಯ” ಎಂದು ಅವಳ ದೂರು. ನಿಜವೇ. ಶಬ್ದ ಅಕ್ಷರಕ್ಕೆ ಅಕ್ಷರ ಕೂಡಿ ಬರುವುದಿಲ್ಲ, ಇಡಿಯಾಗಿ ಹೊಳೆಯುತ್ತದೆ. ಇಲ್ಲಿ ಸ್ಫೋಟವಾದಿಗಳ ಕೈ ಮೇಲು. ಆದರೆ ನುರಿತ ಆಟಗಾರರೂ ಕಂಪ್ಯೂಟರೂ ಶಬ್ದ ಹುಡುಕುವ ಉಪಾಯ ನೋಡಿ: ಪ್ರತಿ ಶಬ್ದದ ಅಕ್ಷರಗಳನ್ನೂ ಎಯಿಂದ ಜೆಡ್‌ವರೆಗಿನ ಕ್ರಮಕ್ಕೆ ತಂದಿಟ್ಟುಕೊಳ್ಳುವುದು. ಆಗ ಲಿಸನ್, ಸೈಲೆಂಟ್, ಟಿನ್ಸೆಲ್ ಮೂರೂ ಒಂದೇ ಆಗಿಬಿಡುತ್ತವೆ. ತೆಗೆದದ್ದು ಅವುಗಳ ಸ್ವಂತ ಕ್ರಮವನ್ನಷ್ಟೇ. ಅದರೊಡನೆ ವ್ಯತ್ಯಾಸವೂ ಹೋಯಿತು. ಉಪವರ್ಷರ ಪಕ್ಷಕ್ಕೆ ಇನ್ನೇನು ಬೇಕು?

ಬೇಕಾದರೆ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಇದ್ದಾರೆ. ಇಂಗ್ಲಿಷ್ ಸ್ಕ್ರ್ಯಾಬಲ್‌ನಲ್ಲಿ ಹಲವು ಸಲ ವಿಶ್ವ ಚಾಂಪಿಯನ್ ಆದ ಇವರು, ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಪ್ರಶಸ್ತಿ ಗೆದ್ದರು, 2024ರಲ್ಲಿ ಸ್ಪ್ಯಾನಿಷ್‌ನದೂ. ಪದಪಟ್ಟಿಯನ್ನು ಬಾಯಿಪಾಠ ಮಾಡಿದ್ದರು, ಅಷ್ಟೇ.

ವೇದ ಕಲಿತು ಅರ್ಥ ತಿಳಿಯದವನು ಹೊರೆ ಹೊತ್ತ ಕಂಬ ಎಂಬ ಹಳೆಯ ಬೈಗುಳವನ್ನು ಯಾಸ್ಕರು ನಿರುಕ್ತದಲ್ಲಿ ಎತ್ತಿ ಹೇಳುತ್ತಾರೆ. ಆ ಅಳತೆಗೆ ರಿಚರ್ಡ್ಸ್ ಕಂಬ, ನಾನೂ ಕಂಬ. ಇದನ್ನು ನಾನು ಒಪ್ಪುವುದಿಲ್ಲ. ಮಂತ್ರಗಳಿಗೆ ಅರ್ಥವೇ ಇಲ್ಲ ಎಂದ ಕೌತ್ಸನೊಡನೆ ಯಾಸ್ಕರು ವಾದಕ್ಕೆ ನಿಂತದ್ದೂ ಅದೇ ಗ್ರಂಥದಲ್ಲಿ. ವಾದ ಮಾಡುವುದಕ್ಕೆ ಮಂತ್ರಗಳನ್ನು ಅವರ ಕೈಗೆ ತಂದುಕೊಟ್ಟವರು ಯಾರು? ಒಂದು ಸ್ವರ ಆಚೀಚೆಯಾಗದಂತೆ ಬಾಯಿಂದ ಬಾಯಿಗೆ ದಾಟಿಸಿದವರು. ಅವರಲ್ಲಿ ಅರ್ಥ ಬಲ್ಲವರೆಷ್ಟೋ, ಬರೀ ಕಂಠಪಾಠದವರೆಷ್ಟೋ. ಜಟೆ, ಘನ ಎಂದು ಪದಗಳನ್ನು ಹಿಂದುಮುಂದು ಮಾಡಿ ಹೇಳುವ ಪಾಠಗಳೂ ಮೂಲದ ಸಾಲನ್ನು ಕಾಯುವುದಕ್ಕೇ ಇವೆ.

ಮಗು ಅರ್ಥ ಕಲಿಯುವುದು ಹಿರಿಯರ ವ್ಯವಹಾರದಿಂದ ಎನ್ನುತ್ತಾರೆ ಮೀಮಾಂಸಕರು: ಹಸು ತಾ ಎಂದು ಒಬ್ಬ ಹೇಳುತ್ತಾನೆ, ಇನ್ನೊಬ್ಬ ತರುತ್ತಾನೆ, ಮಗು ನೋಡುತ್ತದೆ. ರಿಚರ್ಡ್ಸ್‌ಗೆ ಫ್ರೆಂಚಿನಲ್ಲಿ ಹಸು ತಾ ಎಂದು ಯಾರೂ ಹೇಳಿರಲಿಲ್ಲ. ಅವರಿಗೆ ಭಾಷೆ ಬರುವುದಿಲ್ಲ, ಶಬ್ದ ಗೊತ್ತು. ಸ್ಟಿಕ್ಕು ಹಿಡಿದ ನನಗೂ ಗೊತ್ತಿತ್ತು ಎಂದೇ ನನ್ನ ತೀರ್ಮಾನ. ಅನುಮಾನವಿದ್ದವರು ದೇವತಾಧಿಕರಣದ ಆ ಭಾಗ ತೆಗೆದು ಓದಿ, ಕನ್ನಡ ಅನುವಾದವಿದೆ.