ಕೈ ನಡುಗುವ ಮೊದಲು

ರೋಗ ಶುರುವಾಗುವುದು ಯಾವಾಗ? ವೈದ್ಯರು ಹೆಸರಿಟ್ಟ ದಿನವೋ, ಊರಿನವರ ಕಣ್ಣಿಗೆ ಬಿದ್ದ ದಿನವೋ, ಅದಕ್ಕೂ ಎಷ್ಟೋ ಮೊದಲೋ? ಮೆಟ್ರಿ, ಕಂಪ್ಲಿ ಕಡೆಯ ಹಳ್ಳಿಗಳಲ್ಲಿ ಹಿರಿಯರ ಕೈ ನಡುಗಿದರೆ ‘ವಯಸ್ಸಾತಲ್ಲ’ ಎಂದು ಸುಮ್ಮನಾಗುತ್ತೇವೆ. ಅದೇ ಹಿರಿಯರು ವರ್ಷಗಟ್ಟಲೆ ‘ಹೊರಕಡಿಗೆ ಸರಿಯಾಗಿ ಆಗವಲ್ದು’ ಎಂದದ್ದು ಯಾರ ಲೆಕ್ಕಕ್ಕೂ ಬಂದಿರುವುದಿಲ್ಲ.

ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ, ಈಗ ಅವರ ಹೆಸರಿನಲ್ಲೇ ಕರೆಯುವ ಈ ಕೈ ನಡುಗಿಸುವ ಕಾಯಿಲೆಯನ್ನು ವಿವರಿಸಿದಾಗಲೇ ರೋಗಿಗಳ ಕರುಳು ಜಡವಾಗಿದ್ದುದನ್ನು ದಾಖಲಿಸಿದ್ದರು. 2001ರಲ್ಲಿ ಪ್ರಕಟವಾದ ಹೊನೊಲುಲುವಿನ ಅಧ್ಯಯನದಲ್ಲಿ, ದಿನಕ್ಕೊಮ್ಮೆಯೂ ಮಲವಿಸರ್ಜನೆಯಾಗದ ಗಂಡಸರಿಗೆ ಮುಂದೆ ಪಾರ್ಕಿನ್‌ಸನ್ ಬರುವ ಸಂಭವ, ದಿನಕ್ಕೊಮ್ಮೆ ಆಗುವವರಿಗಿಂತ ಸುಮಾರು 2.7 ಪಟ್ಟು ಹೆಚ್ಚಿತ್ತು. ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನು ಕರುಳಿನ ನರಗಳಲ್ಲಿ ಗಂಟುಕಟ್ಟಿ, ವೇಗಸ್ ನರದ ದಾರಿ ಹಿಡಿದು ಮಿದುಳು ತಲುಪುತ್ತಿರಬಹುದು ಎಂದು 2003ರಲ್ಲಿ ಜರ್ಮನಿಯ ಹೈಕೊ ಬ್ರಾಕ್ ವಾದಿಸಿದರು.

ಹಾಗಾದರೆ ಹೊಟ್ಟೆಯೇ ಕಾರಣವೆ? ಮೊದಲು ಬಂದದ್ದೆಲ್ಲ ಕಾರಣವಾಗುವುದಿಲ್ಲ. ಮಲಬದ್ಧತೆಯು ಒಳಗೆ ಆಗಲೇ ಶುರುವಾದ ರೋಗದ ಮೊದಲ ಗುರುತೂ ಆಗಿರಬಹುದು. ಕೆಲವರಲ್ಲಿ ರೋಗ ಮಿದುಳಿನಲ್ಲೇ ಹುಟ್ಟುತ್ತದೆ ಎನ್ನುವ ಸಂಶೋಧಕರೂ ಇದ್ದಾರೆ. ಹೊಟ್ಟೆ ಕಟ್ಟಿದ ಹಿರಿಯರಲ್ಲಿ ಬಹುಪಾಲು ಜನಕ್ಕೆ ಪಾರ್ಕಿನ್‌ಸನ್ ಬರುವುದೇ ಇಲ್ಲ.

ಈ ಎಚ್ಚರ ಬರೀ ತರ್ಕದ ಮಾತಲ್ಲ, ನ್ಯಾಯದ ಮಾತು. ಕಾರಣ ಸಿಕ್ಕಿತೆಂದ ಕೂಡಲೇ ನಾವು ತಪ್ಪು ಯಾರದೆಂದು ಹುಡುಕುತ್ತೇವೆ. ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಹೊಲದಲ್ಲಿ ದುಡಿದವರಿಗೂ ಈ ಕಾಯಿಲೆ ಬರುತ್ತದೆ. ‘ಊಟ ಸರಿಯಿರಲಿಲ್ಲ, ಅದಕ್ಕೇ ಬಂತು’ ಎನ್ನುವುದು ರೋಗಿಗೆ ಮಾಡುವ ಅನ್ಯಾಯ. ‘ಹೊಟ್ಟೆ ಶುದ್ಧಿಯಾದರೆ ಹೋಗುತ್ತದೆ’ ಎನ್ನುವುದು ಮೋಸ.

ಕಾರಣ ಖಚಿತವಾಗದಿದ್ದರೂ ಹೊಟ್ಟೆಗೂ ರೋಗಕ್ಕೂ ಇರುವ ಸಂಬಂಧಕ್ಕೆ ಬೆಲೆಯಿದೆ. ಚಿಕಿತ್ಸೆಯ ಮುಖ್ಯ ಮದ್ದು ಲೆವೊಡೋಪಾ. ಮಾತ್ರೆಯ ಲೆವೊಡೋಪಾ ರಕ್ತ ಸೇರುವುದು ಸಣ್ಣ ಕರುಳಿನಲ್ಲಿ. ಜಠರ ನಿಧಾನವಾದರೆ ಮದ್ದೂ ತಡವಾಗುತ್ತದೆ. ಹೊಟ್ಟೆಯ ಆರೈಕೆ ರೋಗವನ್ನು ಅಳಿಸದಿದ್ದರೂ ರೋಗಿಯ ದಿನವನ್ನು ಹಗುರ ಮಾಡಬಲ್ಲದು.

ಈ ಆರೈಕೆಗೆ ಅಡ್ಡಿಯಾಗಿರುವುದು ನಾಚಿಕೆ. ಮನೆಯಲ್ಲಿ ಶೌಚಾಲಯವಿಲ್ಲದೆ ಕತ್ತಲಾಗುವವರೆಗೂ ತಡೆದುಕೊಂಡೇ ಬಾಳಿದ ಹೆಂಗಸರು ನಮ್ಮ ಹಳ್ಳಿಗಳಲ್ಲಿದ್ದಾರೆ. ಹೊಟ್ಟೆಯ ಕಷ್ಟ ಅವರಿಗೆ ಹೇಳಿಕೊಳ್ಳುವ ಸಂಗತಿಯೇ ಅಲ್ಲ. ಕೇಳಿಸಿಕೊಳ್ಳುವವರಿಲ್ಲದೆ ದೇಹದ ಮೊದಲ ಮಾತು ಹಾಗೇ ಉಳಿದುಹೋಗುತ್ತದೆ.

ಆದ್ದರಿಂದ ಕೇಳಬೇಕಾದವರು ನಾವು. ಮನೆಯ ಹಿರಿಯರಿಗೆ ಹೊಟ್ಟೆ ಕಟ್ಟುವುದರ ಜೊತೆಗೆ ವಾಸನೆ ತಿಳಿಯದಾಗಿದ್ದರೆ, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುತ್ತಿದ್ದರೆ, ನಡಿಗೆ ನಿಧಾನವಾಗಿದ್ದರೆ, ವಯಸ್ಸಿನ ಮೇಲೆ ಹಾಕಿ ಬಿಡಬೇಡಿ. ನರರೋಗ ತಜ್ಞರ ಬಳಿಗೆ ಕರೆದೊಯ್ಯಿರಿ, ಹೊಟ್ಟೆಯ ಕಷ್ಟವನ್ನೂ ನಾಚದೆ ಹೇಳಿ.