ಸವೆಯುವ ಕೀಲು, ಹೇಳಬೇಕಾದ ಮಾತು

ಪೂಜೆಯಲ್ಲಿ ಎಲ್ಲರೂ ಮೊಣಕಾಲೂರಿದಾಗ ಬೆಂಚಿನ ಮೇಲೇ ಕುಳಿತಿರುವ ಒಬ್ಬಿಬ್ಬರನ್ನು ನಾವೆಲ್ಲ ನೋಡಿರುತ್ತೇವೆ. ಸೊಂಟದ ಕೀಲು ಬದಲಾಯಿಸಿಕೊಂಡವರೂ ಅವರಲ್ಲಿರಬಹುದು. ಕೊಳ್ಳೇಗಾಲ, ಹನೂರಿನ ಕಡೆಯಿಂದ ಮೈಸೂರಿಗೆ ಹೋಗಿ, ಸಾಲ ಮಾಡಿ ಹಾಕಿಸಿಕೊಂಡ ಕೀಲು. "ಇನ್ನು ಚಿಂತೆಯಿಲ್ಲ ಬಿಡಿ" ಎನ್ನುತ್ತಾರೆ ಮನೆಯವರು. ಆ ಮಾತು ಪೂರ್ತಿ ನಿಜವೇ?

ಈ ಕೀಲಿನಲ್ಲಿ ತೊಡೆಮೂಳೆಯ ತುದಿಗೆ ಲೋಹದ ಅಥವಾ ಸೆರಾಮಿಕ್ ಗುಂಡು. ಅದು ಕೂರುವ ಬಟ್ಟಲಿಗೆ ಸಾಮಾನ್ಯವಾಗಿ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್. ನಡೆದಂತೆಲ್ಲ ಪ್ಲಾಸ್ಟಿಕ್ ಸವೆದು ಕಣ್ಣಿಗೆ ಕಾಣದ ಪುಡಿ ಉದುರುತ್ತದೆ. ದೇಹದ ರಕ್ಷಕ ಕಣಗಳು ಅದನ್ನು ನುಂಗುತ್ತವೆ, ಅರಗಿಸಿಕೊಳ್ಳಲಾರವು. ಆ ಕೆರಳಿಕೆಯಲ್ಲಿ ಸುತ್ತಲಿನ ಮೂಳೆಯೇ ಕರಗಿ ಕೀಲು ಸಡಿಲವಾಗಬಹುದು. ಎಷ್ಟೋ ವರ್ಷ ನೋವೇ ಇರುವುದಿಲ್ಲ. 1990ರ ದಶಕದ ಕೊನೆಯಲ್ಲಿ ಬಂದ ಸುಧಾರಿತ ಪ್ಲಾಸ್ಟಿಕ್ ಬಹಳ ಕಡಿಮೆ ಸವೆಯುತ್ತದೆ, ನಿಜ. ಆದರೆ ಸವೆಯುವುದೇ ಇಲ್ಲ ಎನ್ನುವಂತಿಲ್ಲ.

ಎಪ್ಪತ್ತು ದಾಟಿದವರಿಗೆ ಇದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಕೀಲು ಅವರ ಆಯುಷ್ಯದಷ್ಟು ಬಂದೀತು. ಆದರೆ ಯಳಂದೂರು ತಾಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೆನೆಯಿರಿ. ಅವರಲ್ಲಿ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯದ ರಕ್ತರೋಗವಿದೆ. ಕುಡುಗೋಲಿನಂತೆ ಬಾಗಿದ ರಕ್ತಕಣಗಳು ತೊಡೆಮೂಳೆಯ ತಲೆಗೆ ಹೋಗುವ ರಕ್ತವನ್ನು ತಡೆದರೆ ಇಪ್ಪತ್ತೈದರ ಹರೆಯದಲ್ಲೇ ಸೊಂಟದ ಕೀಲು ಹಾಳಾಗಬಹುದು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುವ, ಬೆಟ್ಟ ಹತ್ತುವ ಯುವಕನಿಗೆ, "ಇದು ಸವೆಯುತ್ತದೆ, ಮತ್ತೊಮ್ಮೆ ಕೊಯ್ಯಬೇಕಾದೀತು" ಎಂದು ಹೇಳಬೇಕೇ? ಹೇಳಿದರೆ ಹೆದರಿ ನೋವಿನಲ್ಲೇ ಉಳಿದಾನು ಎನ್ನುವವರಿದ್ದಾರೆ. ಅವರದು ಪ್ರೀತಿಯೇ, ಸುಳ್ಳಲ್ಲ. ಆದರೂ ನನಗೆ ಒಪ್ಪಿಗೆಯಿಲ್ಲ. ಕಾಲು ಅವನದು, ತೀರ್ಮಾನವೂ ಅವನದೇ.

ಈ ಚಿಕಿತ್ಸೆಗೆ ದಾರಿ ತೋರಿದ ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರು ಮೊದಲು ಟೆಫ್ಲಾನ್ ಬಟ್ಟಲುಗಳನ್ನು ಹಾಕಿದ್ದರು, ಸುಮಾರು 300 ಮಂದಿಗೆ. ಕೆಲವೇ ವರ್ಷಗಳಲ್ಲಿ ಅವು ಸವೆದುಹೋದವು. ಅವರು ಮುಚ್ಚಿಡಲಿಲ್ಲ. ಆ ವಸ್ತುವಿನ ಪುಡಿಯನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ಪರೀಕ್ಷಿಸಿ, ಕಂಡದ್ದನ್ನು ಬರೆದು ಪ್ರಕಟಿಸಿದರು. ಕೆಟ್ಟ ಕೀಲುಗಳನ್ನು ಮತ್ತೆ ಸರಿಪಡಿಸಲು ತಾವೇ ನಿಂತರು. 1962ರ ನವೆಂಬರಿನಲ್ಲಿ ಪಾಲಿಎಥಿಲೀನ್ ಬಳಕೆಗೆ ಬಂತು.

ಒಮ್ಮೆ ಹೇಳಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಕೆಲವು ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಬೇಕು. ಅದಕ್ಕೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಜೊತೆಗೊಬ್ಬರು. ಮಗನೋ ಮಗಳೋ ಬೆಂಗಳೂರಲ್ಲಿದ್ದರೆ ಆ ಜೊತೆ ಯಾರು? ಇನ್ನು ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿ. ಯಾವಾಗ ಬರಬೇಕೆಂದು ಅದರಲ್ಲಿ ಬರೆದೇ ಇರುತ್ತದೆ, ಇಂಗ್ಲಿಷಿನಲ್ಲಿ. ಅದು ಓದುವವರಿಲ್ಲದೆ ಟ್ರಂಕಿನ ತಳದಲ್ಲಿ ಮಡಚಿ ಬಿದ್ದಿದ್ದರೆ, ಅವರಿಗೆ ಹೇಳಿದಂತಾಯಿತೇ?